ಒಂದು ಕೇಸಿಗೆ ಎಷ್ಟು ಪ್ಯಾಕೆಟ್? ದಾಸ್ತಾನು ತಂತ್ರಾಂಶ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಂಚಿಕೆಗಾಗಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯಕ್ಕೆ ಸಂಬಂಧಿಸಿವೆ. ಪೀಸ್ (ಬಿಡಿ ಸರಕು), ಔಟರ್ (ಕೆಲವು ಪೀಸ್‌ಗಳ ಕಟ್ಟು), ಕೇಸ್ (ದೊಡ್ಡ ಪೆಟ್ಟಿಗೆ) ಎಂಬ ಪ್ಯಾಕಿಂಗ್ ಹಂತಗಳನ್ನು ದಾಸ್ತಾನು ತಂತ್ರಾಂಶದಲ್ಲಿ ಹೇಗೆ ಕೂರಿಸಬೇಕು ಎಂಬುದೇ ಎಲ್ಲರ ಪ್ರಶ್ನೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾವು ದಾವಣಗೆರೆಯಲ್ಲಿ ಬಿಸ್ಕತ್ತು, ಸೋಪು, ಅಗರಬತ್ತಿಗಳ ಸಗಟು ವ್ಯಾಪಾರ ಮಾಡುತ್ತೇವೆ. ಗೋದಾಮಿನಲ್ಲಿ ಸರಕು ಎಣಿಸಿದಾಗ ಒಂದು ಬಗೆಯ ಬಿಸ್ಕತ್ತು 31 ಕೇಸ್ ಸಿಕ್ಕಿತು. ತಂತ್ರಾಂಶ ಮಾತ್ರ 37 ಕೇಸ್ 24 ಪ್ಯಾಕೆಟ್ ಇದೆ ಎನ್ನುತ್ತದೆ. ಉಳಿದ ಆರು ಕೇಸ್ ಎಲ್ಲಿ ಎಂದು ಕೇಳಿದ್ದಕ್ಕೆ ಗೋದಾಮಿನ ಹುಡುಗರು ನೊಂದುಕೊಂಡಿದ್ದಾರೆ. ಮೊದಲು ಕೇಸಿಗೆ 120 ಪ್ಯಾಕೆಟ್ ಬರುತ್ತಿತ್ತು, ಈಗ 144 ಬರುತ್ತಿದೆ. ಖರೀದಿ ಬಿಲ್ಲನ್ನು ಪ್ಯಾಕೆಟ್ ಲೆಕ್ಕದಲ್ಲಿಯೇ ನಮೂದಿಸುತ್ತೇವೆ. ತಪ್ಪು ಎಲ್ಲಾಗಿದೆ?

ಉತ್ತರ: ದಯವಿಟ್ಟು ಎರಡು ಗುಣಾಕಾರ ಮಾಡಿ ನೋಡಿ. 31 ಕೇಸನ್ನು 144ರಿಂದ ಗುಣಿಸಿದರೆ 4,464 ಪ್ಯಾಕೆಟ್. ತಂತ್ರಾಂಶದ 37 ಕೇಸನ್ನು ಹಳೆಯ 120ರಿಂದ ಗುಣಿಸಿ, ಮೇಲಿನ 24 ಪ್ಯಾಕೆಟ್ಟನ್ನು ಕೂಡಿಸಿದರೂ ಬರುವುದು ಅದೇ 4,464. ಒಂದು ಪ್ಯಾಕೆಟ್ ಕೂಡ ಕಳೆದಿಲ್ಲ. ಹುಡುಗರಿಗೆ ಮೊದಲು ಈ ಮಾತನ್ನು ತಿಳಿಸಿಬಿಡಿ. ಖರೀದಿಯನ್ನು ಪ್ಯಾಕೆಟ್ ಲೆಕ್ಕದಲ್ಲಿ ಬರೆದದ್ದರಿಂದ ಒಟ್ಟು ಸಂಖ್ಯೆ ಸರಿಯಾಗಿಯೇ ಉಳಿದಿದೆ. ಅದನ್ನು ಕೇಸ್‌ಗಳಾಗಿ ಒಡೆದು ತೋರಿಸುವಾಗ ಮಾತ್ರ ತಂತ್ರಾಂಶ ಈಗಲೂ 120ರಿಂದ ಭಾಗಿಸುತ್ತಿದೆ. ಲೆಕ್ಕ ಹೀಗೆ ಕೂಡಿಬಂದದ್ದನ್ನು ನೋಡಿದರೆ ಹೊಸ ಸರಕು ಬಂದ ಮೇಲೆ ನೀವು ಇನ್ನೂ ಕೇಸ್ ಲೆಕ್ಕದಲ್ಲಿ ಬಿಲ್ ಮಾಡಿಲ್ಲವೆಂದು ತೋರುತ್ತದೆ. ಮಾಡಿದ ದಿನ ನಿಜವಾದ ನಷ್ಟ ಶುರುವಾಗುತ್ತದೆ: ಅಂಗಡಿಗೆ 144 ಪ್ಯಾಕೆಟ್ ಹೋಗಿರುತ್ತದೆ, ಹಣ ಬರುವುದು 120ಕ್ಕೆ, ದಾಸ್ತಾನಿನಿಂದ ಕಳೆಯುವುದೂ 120.

ಇದನ್ನು ಸರಿಪಡಿಸುವ ಮೊದಲು ತಂತ್ರಾಂಶ ಲೆಕ್ಕ ಇಡುವ ಕ್ರಮವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಪ್ರತಿ ಸರಕಿಗೂ ದಾಸ್ತಾನಿನ ಮೂಲ ಘಟಕ ಒಂದೇ ಇರುತ್ತದೆ. ಖಾತೆಯಲ್ಲಿ ನಿಜವಾಗಿ ಏರಿಳಿಯುವುದು ಆ ಒಂದು ಸಂಖ್ಯೆ. ಔಟರ್, ಕೇಸ್, ಪ್ಯಾಲೆಟ್ (ಕೇಸ್‌ಗಳನ್ನು ಪೇರಿಸುವ ಹಲಗೆ) ಎಂಬವು ಆ ಸಂಖ್ಯೆಯನ್ನು ಬರೆಯಲು ಮತ್ತು ಓದಲು ಇರುವ ಅನುಕೂಲಗಳು, ಅಷ್ಟೆ. ಆದ್ದರಿಂದ ಮೂಲ ಘಟಕ ಯಾವುದಾಗಿರಬೇಕೆಂಬ ತೀರ್ಮಾನಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕು. ನನ್ನ ಸಲಹೆ ಇಷ್ಟು: ನಿಮ್ಮ ಗೋದಾಮಿನಿಂದ ಯಾವ ಅತಿ ಚಿಕ್ಕ ರೂಪದಲ್ಲಿ ಸರಕು ಹೊರಗೆ ಹೋಗಬಹುದೋ ಅದೇ ಮೂಲ ಘಟಕವಾಗಲಿ. ನಿಮ್ಮ ವಿಷಯದಲ್ಲಿ ಅದು ಪ್ಯಾಕೆಟ್. ಅದಕ್ಕಿಂತ ಕೆಳಗೆ, ಬಿಡಿ ಬಿಸ್ಕತ್ತಿನವರೆಗೆ, ಇಳಿಯಬೇಕಾಗಿಲ್ಲ. ಅದಕ್ಕಿಂತ ಮೇಲೆಯೂ ನಿಲ್ಲಬಾರದು.

ಮೇಲೆ ನಿಂತರೆ ಏನಾಗುತ್ತದೆ ಎಂಬುದನ್ನು ಒಂದು ಲೆಕ್ಕದಿಂದ ತೋರಿಸುತ್ತೇನೆ. ‘ನಾವು ಹೆಚ್ಚಾಗಿ ಮಾರುವುದು ಕೇಸನ್ನೇ’ ಎಂದು ಕೆಲವರು ಕೇಸನ್ನು ಮೂಲ ಘಟಕ ಮಾಡಿಕೊಳ್ಳುತ್ತಾರೆ. ಆಗ ಒಂದು ಪ್ಯಾಕೆಟ್ ಎಂದರೆ ಕೇಸಿನ 144ನೇ ಒಂದು ಭಾಗ, ಅಂದರೆ 0.00694 ಚಿಲ್ಲರೆ. ತಂತ್ರಾಂಶ ದಶಾಂಶದ ನಂತರ ಮೂರು ಸ್ಥಾನಗಳನ್ನು ಮಾತ್ರ ಇಟ್ಟುಕೊಂಡರೆ ಅದು 0.007 ಆಗುತ್ತದೆ. ಒಂದು ಕೇಸ್ ಒಡೆದು ಅದರ ಪ್ಯಾಕೆಟ್‌ಗಳನ್ನೆಲ್ಲ ಒಂದೊಂದಾಗಿ ಮಾರಿದರೆ ಖಾತೆಯಿಂದ ಕಳೆದದ್ದು 1.008 ಕೇಸ್. ಎರಡೇ ಸ್ಥಾನಗಳಾದರೆ ಪ್ರತಿ ಪ್ಯಾಕೆಟ್ಟಿಗೆ 0.01 ಹೋಗಿ, ಇದ್ದ ಒಂದು ಕೇಸಿನಿಂದ 1.44 ಕೇಸಿನಷ್ಟು ಸರಕು ಮಾರಾಟವಾದಂತೆ ಖಾತೆ ಹೇಳುತ್ತದೆ. ವರ್ಷದ ಕೊನೆಯಲ್ಲಿ ಋಣ ದಾಸ್ತಾನು ಕಂಡು ಬೆಚ್ಚಿಬೀಳುವ ಎಷ್ಟೋ ಅಂಗಡಿಗಳ ಕಥೆ ಇಷ್ಟೇ. ಮೂಲ ಘಟಕ ಚಿಕ್ಕದಾಗಿದ್ದರೆ ಎಲ್ಲವೂ ಪೂರ್ಣಾಂಕದ ಗುಣಾಕಾರ. ಭಾಗಾಕಾರದ ಶೇಷ ಎಲ್ಲಿಯೂ ಉಳಿಯುವುದಿಲ್ಲ. ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದಲ್ಲಿ ಘಟಕವನ್ನು ಸೃಷ್ಟಿಸುವಾಗಲೇ ದಶಾಂಶ ಸ್ಥಾನಗಳೆಷ್ಟು ಎಂದು ಕೇಳುತ್ತದೆ. ಪ್ಯಾಕೆಟ್ಟಿಗೆ ಸೊನ್ನೆ ಕೊಡಿ. ಇಆರ್‌ಪಿ ನೆಕ್ಸ್ಟ್ ಎಂಬ ಇನ್ನೊಂದು ವ್ಯಾಪಾರ ತಂತ್ರಾಂಶದಲ್ಲಿ ಘಟಕಕ್ಕೆ ‘ಪೂರ್ಣಾಂಕವೇ ಆಗಿರಬೇಕು’ ಎಂಬ ಗುರುತು ಹಾಕುವ ಅವಕಾಶವಿದೆ, ಅದನ್ನೂ ಬಳಸಿಕೊಳ್ಳಿ.

ಈ ತೀರ್ಮಾನವನ್ನು ಆಮೇಲೆ ಬದಲಿಸಿಕೊಳ್ಳೋಣವೆಂದು ಮುಂದೂಡುವಂತಿಲ್ಲ. ಇಆರ್‌ಪಿ ನೆಕ್ಸ್ಟ್‌ನಂಥ ತಂತ್ರಾಂಶಗಳಲ್ಲಿ ಒಂದು ಸರಕಿನ ಮೇಲೆ ದಾಸ್ತಾನು ವ್ಯವಹಾರ ನಡೆದುಬಿಟ್ಟರೆ ಮೂಲ ಘಟಕವನ್ನು ನೇರವಾಗಿ ಬದಲಿಸಲು ಬಿಡುವುದೇ ಇಲ್ಲ. ಹೊಸ ಸರಕನ್ನು ತೆರೆದು ಹಳೆಯದರ ಶಿಲ್ಕನ್ನು ಅದಕ್ಕೆ ವರ್ಗಾಯಿಸುವುದೊಂದೇ ದಾರಿಯಾಗುತ್ತದೆ.

ಇನ್ನು 120 ಮತ್ತು 144ರ ಸಮಸ್ಯೆ. ಕಿಲೋ ಎಂದರೆ ಎಲ್ಲ ಸರಕಿಗೂ ಒಂದು ಸಾವಿರ ಗ್ರಾಂ, ಡಜನ್ ಎಂದರೆ ಹನ್ನೆರಡು. ಕೇಸ್ ಹಾಗಲ್ಲ, ಸೋಪಿನ ಕೇಸ್ ಬೇರೆ, ಅಗರಬತ್ತಿಯ ಕೇಸ್ ಬೇರೆ, ಒಂದೇ ಬಿಸ್ಕತ್ತಿನ ಹೋದ ವರ್ಷದ ಕೇಸ್ ಬೇರೆ. ಹಾಗಿರುವಾಗ ‘ಕೇಸ್ = 120’ ಎಂಬ ಸಂಬಂಧವನ್ನು ಇಡೀ ತಂತ್ರಾಂಶಕ್ಕೆ ಒಂದೇ ಎಂಬಂತೆ ಬರೆದಿಡಬಾರದು. ಟ್ಯಾಲಿಯಲ್ಲಿ ಎರಡು ಸರಳ ಘಟಕಗಳನ್ನು ಜೋಡಿಸಿ ಮಾಡುವ ಸಂಯುಕ್ತ ಘಟಕ ಎಲ್ಲ ಸರಕುಗಳಿಗೂ ದೊರೆಯುವಂಥದ್ದು. ಡಜನ್ನಿಗೆ ಅದು ಸರಿ. ಕೇಸಿಗೆ ಆಯಾ ಸರಕಿನ ಪುಟದಲ್ಲಿಯೇ ಕೊಡುವ ಪರ್ಯಾಯ ಘಟಕವೇ ತಕ್ಕದ್ದು. ಇಆರ್‌ಪಿ ನೆಕ್ಸ್ಟ್‌ನಲ್ಲಿ ಪ್ರತಿ ಸರಕಿನ ಪುಟದಲ್ಲಿ ಪರಿವರ್ತನೆಯ ಪಟ್ಟಿ ಇರುತ್ತದೆ. ಅಲ್ಲಿ ಬರೆಯಬೇಕಾದದ್ದು ಒಂದು ಕೇಸಿನಲ್ಲಿ ಮೂಲ ಘಟಕಗಳೆಷ್ಟು ಎಂಬ ಅಂಕಿ, ಅಂದರೆ 144. ಅವಸರದಲ್ಲಿ ತಿರುಗುಮುರುಗಾಗಿ 0.0069 ಎಂದು ಬರೆಯುವವರು ಕಡಿಮೆಯಿಲ್ಲ.

ನಿಮ್ಮ ಹಳೆಯ 120ನ್ನು ಅಳಿಸಿ ಅದರ ಮೇಲೆಯೇ 144 ಎಂದು ಬರೆಯಬೇಡಿ. ಕೆಲವು ತಂತ್ರಾಂಶಗಳು ಬಿಲ್ಲಿನ ಪ್ರತಿ ಸಾಲಿನಲ್ಲಿಯೂ ಅಂದಿನ ಪರಿವರ್ತನೆಯನ್ನು ಬರೆದಿಟ್ಟುಕೊಳ್ಳುತ್ತವೆ, ಅವುಗಳಲ್ಲಿ ಹಳೆಯ ಬಿಲ್ಲುಗಳಿಗೆ ಧಕ್ಕೆಯಿಲ್ಲ. ಇನ್ನು ಕೆಲವು ವರದಿ ತೆಗೆದಾಗಲೆಲ್ಲ ಇಂದಿನ ಅಂಕಿಯಿಂದಲೇ ಲೆಕ್ಕ ಹಾಕುತ್ತವೆ, ಅವುಗಳಲ್ಲಿ ಹೋದ ವರ್ಷದ ಮಾರಾಟವೂ ಒಮ್ಮೆಲೇ ಬದಲಾಗಿ ಕಾಣುತ್ತದೆ. ನಿಮ್ಮದು ಯಾವ ಬಗೆಯದೆಂದು ಒಂದು ಪ್ರಯೋಗದ ಸರಕು ತೆರೆದು ಪರೀಕ್ಷಿಸಬಹುದು. ಅದಕ್ಕಿಂತ ಸುಲಭವಾದದ್ದು ‘ಕೇಸ್ 144’ ಎಂಬ ಇನ್ನೊಂದು ಘಟಕವನ್ನೇ ಸೇರಿಸಿ, ಹಳೆಯ ಬಿಲ್ಲುಗಳಿಗಾಗಿ 120ರದ್ದನ್ನೂ ಹಾಗೆಯೇ ಬಿಡುವುದು. ಹೆಸರಿನಲ್ಲಿಯೇ ಅಂಕಿ ಇದ್ದರೆ ಬಿಲ್ ಮಾಡುವವರಿಗೂ ಗೊಂದಲವಿರುವುದಿಲ್ಲ. ನಡುವಿನ ಔಟರನ್ನು ಸೇರಿಸಬೇಕೇ ಎಂಬುದು ನಿಮ್ಮ ಅಂಗಡಿಗಳು ಔಟರ್ ಲೆಕ್ಕದಲ್ಲಿ ಆರ್ಡರ್ ಕೊಡುತ್ತವೆಯೇ ಎಂಬುದನ್ನು ಅವಲಂಬಿಸಿದೆ. ಯಾರೂ ಕೊಳ್ಳದ, ಯಾರೂ ಎಣಿಸದ ಹಂತವನ್ನು ತಂತ್ರಾಂಶಕ್ಕೆ ಸೇರಿಸಿದರೆ ತಪ್ಪು ಆಯ್ಕೆಗೆ ಇನ್ನೊಂದು ಅವಕಾಶ ಕೊಟ್ಟಂತಾಗುತ್ತದೆ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದೊಂದು ಔಷಧದ ಅಂಗಡಿಯಿದೆ. ಸ್ಟ್ರಿಪ್ ಕತ್ತರಿಸಿ ನಾಲ್ಕೈದು ಮಾತ್ರೆ ಕೊಡುವುದು ದಿನವೂ ಇದ್ದದ್ದೇ. ಒಂದು ಮಾತ್ರೆ ಹಿಂದೆ ಹತ್ತರ ಸ್ಟ್ರಿಪ್ಪಿನಲ್ಲಿ ಬರುತ್ತಿತ್ತು, ಈಗ ಹದಿನೈದರಲ್ಲಿ ಬರುತ್ತಿದೆ, ಅಂಗಡಿಯಲ್ಲಿ ಎರಡೂ ಇವೆ. ಲೆಕ್ಕ ಹೇಗೆ ಇಡಬೇಕು?

ಉತ್ತರ: ಮೂಲ ಘಟಕ ಮಾತ್ರೆಯೇ ಆಗಲಿ, ಸ್ಟ್ರಿಪ್ ಬೇಡ. ಎರಡು ಅಳತೆಯ ಸ್ಟ್ರಿಪ್‌ಗಳಿರುವಾಗ ಪರಿವರ್ತನೆಯ ಅಂಕಿಯನ್ನು ಬ್ಯಾಚಿಗೆ ಅಂಟಿಸಬಲ್ಲ ತಂತ್ರಾಂಶ ನಿಮ್ಮಲ್ಲಿದ್ದರೆ ಹಾಗೆಯೇ ಮಾಡಿ. ಔಷಧ ವ್ಯಾಪಾರಕ್ಕೆಂದೇ ಮಾಡಿದ ತಂತ್ರಾಂಶಗಳಲ್ಲಿ ಪ್ಯಾಕ್ ಎಂಬ ಕಾಲಂ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆ ಸೌಕರ್ಯವಿಲ್ಲದಿದ್ದರೆ ಹತ್ತರದ್ದು ಒಂದು ಸರಕು, ಹದಿನೈದರದ್ದು ಇನ್ನೊಂದು ಸರಕು ಎಂದು ತೆರೆಯಿರಿ. ಬ್ಯಾಚ್ ಸಂಖ್ಯೆಯನ್ನೂ ಅವಧಿ ಮುಗಿಯುವ ದಿನಾಂಕವನ್ನೂ ಹೇಗಿದ್ದರೂ ಪ್ರತ್ಯೇಕವಾಗಿ ಇಡಬೇಕಾದ್ದರಿಂದ ಇದು ಹೆಚ್ಚಿನ ಹೊರೆಯೇನಲ್ಲ.

ನೀವು ಕೇಳದಿದ್ದರೂ ಹೇಳಬೇಕಾದ ಮಾತೊಂದಿದೆ, ಅದು ಬಿಡಿ ಮಾತ್ರೆಯ ಬೆಲೆಯದು. ಸ್ಟ್ರಿಪ್ಪಿನ ಗರಿಷ್ಠ ಮಾರಾಟ ಬೆಲೆ 32 ರೂಪಾಯಿ 50 ಪೈಸೆ ಎಂದಿಟ್ಟುಕೊಳ್ಳೋಣ. ಹದಿನೈದರಿಂದ ಭಾಗಿಸಿದರೆ 2.1666 ರೂಪಾಯಿ ಬರುತ್ತದೆ. ತಂತ್ರಾಂಶ ಅದನ್ನು ವಾಡಿಕೆಯಂತೆ 2.17ಕ್ಕೆ ಏರಿಸಿದರೆ ಹದಿನೈದು ಮಾತ್ರೆಗೆ 32 ರೂಪಾಯಿ 55 ಪೈಸೆ ಆಯಿತು, ಅಂದರೆ ಮುದ್ರಿತ ಬೆಲೆಗಿಂತ ಐದು ಪೈಸೆ ಹೆಚ್ಚು. ಐದು ಪೈಸೆಗೆ ಗ್ರಾಹಕರು ಜಗಳವಾಡಲಿಕ್ಕಿಲ್ಲ, ಆದರೆ ಮುದ್ರಿತ ಬೆಲೆಗಿಂತ ಹೆಚ್ಚು ಪಡೆಯುವುದು ಕಾನೂನಿನ ಪ್ರಕಾರ ತಪ್ಪು, ಮೊತ್ತ ಎಷ್ಟೇ ಇರಲಿ. ಬಿಡಿ ಬೆಲೆಯನ್ನು ಕೆಳಕ್ಕೆ ಇಳಿಸುವಂತೆ, ಇಲ್ಲವೇ ಬಿಲ್ಲಿನ ಸಾಲಿನ ಒಟ್ಟು ಮೊತ್ತವನ್ನು ಮಾತ್ರ ಕೆಳಕ್ಕೆ ಸರಿಹೊಂದಿಸುವಂತೆ ಹೊಂದಿಸಿಕೊಳ್ಳಿ.

ಹತ್ತಕ್ಕೆ ಒಂದು ಉಚಿತ ಎಂಬ ಸ್ಕೀಮಿನಲ್ಲಿ ಬಂದ ಸರಕಿಗೂ ಇದೇ ಎಚ್ಚರ ಬೇಕು. ದಾಸ್ತಾನಿಗೆ ಹನ್ನೊಂದೂ ಸ್ಟ್ರಿಪ್ ಬರಬೇಕು. ಕೊಟ್ಟ ಹಣವನ್ನು ಹನ್ನೊಂದಕ್ಕೂ ಹಂಚಬೇಕು. ಉಚಿತವಾದದ್ದನ್ನು ಬೇರೊಂದು ಸರಕೆಂದು ಬರೆದರೆ ಎಣಿಕೆಯ ದಿನ ಕಪಾಟಿನಲ್ಲಿ ಅವೆರಡನ್ನೂ ಬೇರ್ಪಡಿಸಲು ಯಾರಿಂದಲೂ ಆಗದು.

2023ರ ಆಗಸ್ಟ್ 1ರಿಂದ 300 ಔಷಧ ಬ್ರಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಅದರಲ್ಲಿ ಬ್ಯಾಚ್ ಸಂಖ್ಯೆ, ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕಗಳೂ ಅಡಕವಾಗಿರುವುದರಿಂದ, ನಿಮ್ಮ ತಂತ್ರಾಂಶ ಅದನ್ನು ಓದಬಲ್ಲುದಾದರೆ ಕೈಯಿಂದ ಬರೆಯುವ ಕೆಲಸ ಅಷ್ಟರಮಟ್ಟಿಗೆ ಉಳಿಯುತ್ತದೆ.

ಪ್ರಶ್ನೆ: ನಾವು ಮೈಸೂರಿನಲ್ಲಿ ಸಣ್ಣ ಪ್ರಮಾಣದಲ್ಲಿ ಅಗರಬತ್ತಿ ತಯಾರಿಸುತ್ತೇವೆ. ಪ್ಯಾಕೆಟ್ಟಿಗೆ ಹದಿಮೂರು ಅಂಕಿಯ ಬಾರ್‌ಕೋಡ್ ಪಡೆದಿದ್ದೇವೆ. ಈಗ ಸೂಪರ್ ಮಾರ್ಕೆಟ್ಟಿನವರು ಹನ್ನೆರಡು ಪ್ಯಾಕೆಟ್ಟಿನ ಪೆಟ್ಟಿಗೆಗೂ ದೊಡ್ಡ ಕಾರ್ಟನ್ನಿಗೂ ಬೇರೆ ಕೋಡ್ ಕೇಳುತ್ತಿದ್ದಾರೆ. ಪ್ಯಾಕೆಟ್ಟಿನ ಕೋಡನ್ನೇ ಪೆಟ್ಟಿಗೆಯ ಮೇಲೂ ಅಂಟಿಸಿದರೆ ಸಾಲದೇ?

ಉತ್ತರ: ಸಾಲದು. ಪೆಟ್ಟಿಗೆಯನ್ನು ಸ್ಕ್ಯಾನ್ ಮಾಡಿದಾಗ ಅವರ ತಂತ್ರಾಂಶ ಒಂದು ಪ್ಯಾಕೆಟ್ ಬಂದಿತೆಂದು ತಿಳಿಯುತ್ತದೆ; ಬಂದದ್ದು ಹನ್ನೆರಡು. ಪ್ರತಿ ಪ್ಯಾಕಿಂಗ್ ಹಂತಕ್ಕೂ ತನ್ನದೇ ಗುರುತು ಬೇಕೆನ್ನುವುದು ಈ ಕಾರಣದಿಂದಲೇ. ಇದಕ್ಕಾಗಿ ಹೊಸ ಸಂಖ್ಯೆಗಳ ಕಟ್ಟನ್ನು ಕೊಳ್ಳಬೇಕಾಗಿಯೂ ಇಲ್ಲ. ಬಾರ್‌ಕೋಡ್ ಸಂಖ್ಯೆಗಳ ಅಂತರರಾಷ್ಟ್ರೀಯ ಪದ್ಧತಿಯಾದ ಜಿಎಸ್1ರಲ್ಲಿ ಪ್ಯಾಕೆಟ್ಟಿನ ಸಂಖ್ಯೆಯ ಮುಂದೆ 1ರಿಂದ 8ರವರೆಗಿನ ಒಂದು ಅಂಕಿಯನ್ನು ಸೇರಿಸಿ ಹದಿನಾಲ್ಕು ಅಂಕಿಯ ಸಂಖ್ಯೆಯನ್ನು ರಚಿಸಿಕೊಳ್ಳಬಹುದು. ಯಾವ ಅಂಕಿ ಯಾವ ಹಂತಕ್ಕೆ ಎಂಬುದು ತಯಾರಕರ ಆಯ್ಕೆ. 9 ಮಾತ್ರ ತೂಕ ವ್ಯತ್ಯಾಸವಾಗುವ ಸರಕಿಗೆ ಮೀಸಲು.

ಇಲ್ಲಿ ಹಲವರು ಎಡವುವುದು ಕೊನೆಯ ಅಂಕಿಯಲ್ಲಿ. ಅದು ತಾಳೆಯ ಅಂಕಿ, ಉಳಿದ ಅಂಕಿಗಳು ಸರಿಯಿವೆಯೇ ಎಂದು ಪರೀಕ್ಷಿಸಲು ಇರುವುದು. ಮುಂದೆ ಒಂದು ಅಂಕಿ ಸೇರಿದೊಡನೆ ಅದನ್ನು ಹೊಸದಾಗಿ ಲೆಕ್ಕ ಹಾಕಬೇಕು. 8901234567890 ಎಂಬ ಮಾದರಿ ಸಂಖ್ಯೆಯನ್ನು ತೆಗೆದುಕೊಳ್ಳಿ. ಕೊನೆಯ ಸೊನ್ನೆಯನ್ನು ಬಿಟ್ಟು ಮುಂದೆ 1 ಸೇರಿಸಿದರೆ 1890123456789 ಆಗುತ್ತದೆ. ಎಡದಿಂದ ಮೊದಲ್ಗೊಂಡು ಅಂಕಿಗಳನ್ನು 3, 1, 3, 1 ಎಂಬ ಕ್ರಮದಲ್ಲಿ ಗುಣಿಸಿ ಕೂಡಿಸಿದರೆ ಮೊತ್ತ 133. ಅದನ್ನು ಮುಂದಿನ ಹತ್ತರ ಗುಣಕವಾದ 140ಕ್ಕೆ ಮುಟ್ಟಿಸಲು ಬೇಕಾದದ್ದು 7. ಹೀಗೆ ಪೆಟ್ಟಿಗೆಯ ಸಂಖ್ಯೆ 18901234567897. ಕಾರ್ಟನ್ನಿಗೆ ಮುಂದೆ 2 ಹಾಕಿದರೆ ಮೊತ್ತ 136, ತಾಳೆಯ ಅಂಕಿ 4, ಸಂಖ್ಯೆ 28901234567894. ಇದನ್ನು ರಟ್ಟಿನ ಮೇಲೆ ದಪ್ಪ ಗೆರೆಗಳ ಐಟಿಎಫ್-14 ಎಂಬ ಬಾರ್‌ಕೋಡ್ ರೂಪದಲ್ಲಿ ಮುದ್ರಿಸುವುದು ವಾಡಿಕೆ. ಒರಟಾದ ಕಾರ್ಟನ್ ಮೇಲೂ ಅದು ಓದಲು ಸಿಗುತ್ತದೆ. ಆದರೆ ಅಂಗಡಿಯ ಬಿಲ್ಲಿಂಗ್ ಕೌಂಟರಿಗೆ ಅದು ಉದ್ದೇಶಿತವಲ್ಲ. ಹನ್ನೆರಡರ ಪೆಟ್ಟಿಗೆಯನ್ನು ಹಾಗೆಯೇ ಗ್ರಾಹಕರಿಗೂ ಮಾರುವುದಾದರೆ ಅದಕ್ಕೆ ಬೇರೆಯೇ ಹದಿಮೂರು ಅಂಕಿಯ ಸಂಖ್ಯೆ ಬೇಕಾಗುತ್ತದೆ.

ನಿಮ್ಮ ತಂತ್ರಾಂಶದಲ್ಲಿ ಈ ಮೂರು ಸಂಖ್ಯೆಗಳನ್ನೂ ಒಂದೇ ಸರಕಿನ ಕೆಳಗೆ, ಆಯಾ ಘಟಕದ ಎದುರು ಬರೆಯಿರಿ. ಮುಂದೆ ಪೆಟ್ಟಿಗೆಯಲ್ಲಿ ಹನ್ನೆರಡರ ಬದಲು ಹತ್ತು ತುಂಬಿದರೆ ಪೆಟ್ಟಿಗೆಯ ಸಂಖ್ಯೆ ಬದಲಾಗಬೇಕು, ಪ್ಯಾಕೆಟ್ಟಿನದು ಹಾಗೆಯೇ ಉಳಿಯುತ್ತದೆ. ಪ್ಯಾಕೆಟ್ಟಿನ ಮೇಲೆ ನಮೂದಿಸಿದ ನಿವ್ವಳ ಪ್ರಮಾಣವೇ ಬದಲಾದರೆ ಪ್ಯಾಕೆಟ್ಟಿಗೂ ಅದರ ಮೇಲಿನ ಎಲ್ಲ ಹಂತಗಳಿಗೂ ಹೊಸ ಸಂಖ್ಯೆ. ಹಳೆಯ ಸಂಖ್ಯೆಯನ್ನೇ ಹೊಸ ಅಳತೆಗೆ ಬಳಸುವ ಉಳಿತಾಯ ಬೇಡ. ಕೊಳ್ಳುವವರ ಗೋದಾಮಿನಲ್ಲಿ ನಿಮ್ಮ ಹೆಸರು ಕೆಡುವುದು ಅಲ್ಲಿಂದಲೇ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ಮಾರುತ್ತೇವೆ. 50 ಕೆ.ಜಿ. ಪುಡಿಯ ಚೀಲ ತಂದು 200 ಗ್ರಾಂ ಪೊಟ್ಟಣ ಮಾಡುತ್ತೇವೆ. ಚೀಲವನ್ನು ಮೇಲಿನ ಹಂತವೆಂದೂ ಪೊಟ್ಟಣವನ್ನು ಕೆಳಗಿನ ಹಂತವೆಂದೂ, ‘1 ಚೀಲ = 250 ಪೊಟ್ಟಣ’ ಎಂದು ಬರೆಯಬಹುದೇ?

ಉತ್ತರ: ಬರೆಯಬಾರದು. ಕೇಸ್ ಬಿಚ್ಚಿದರೆ ಒಳಗಿರುವ ಪ್ಯಾಕೆಟ್ ಆಗಲೇ ಪ್ಯಾಕೆಟ್ಟಾಗಿ ಇರುತ್ತದೆ. ಚೀಲ ಬಿಚ್ಚಿದರೆ ನಿಮಗೆ ಸಿಗುವುದು ಪುಡಿ. ಪೊಟ್ಟಣವನ್ನು ನೀವು ತಯಾರಿಸಬೇಕು. ಅದಕ್ಕೆ ಖಾಲಿ ಪೌಚ್ ಬೇಕು, ಲೇಬಲ್ ಬೇಕು, ಒಂದಿಷ್ಟು ಪುಡಿ ಯಂತ್ರದಲ್ಲೂ ನೆಲದಲ್ಲೂ ಹೋಗುತ್ತದೆ. ಆದ್ದರಿಂದ ಸಡಿಲ ಪುಡಿ ಕಿಲೋ ಘಟಕದ ಒಂದು ಸರಕು, 200 ಗ್ರಾಂ ಪೊಟ್ಟಣ ಎಣಿಕೆಯ ಇನ್ನೊಂದು ಸರಕು. ಎರಡರ ನಡುವೆ ಟ್ಯಾಲಿಯಲ್ಲಿ ಸ್ಟಾಕ್ ಜರ್ನಲ್, ಇಆರ್‌ಪಿ ನೆಕ್ಸ್ಟ್‌ನಲ್ಲಿ ರೀಪ್ಯಾಕ್ ನಮೂದು ಬರಬೇಕು: 50 ಕಿಲೋ ಪುಡಿ ಮತ್ತು ಬಳಕೆಯಾದ ಪೌಚ್‌ಗಳು ಹೊರಕ್ಕೆ, ನಿಜವಾಗಿ ಸಿದ್ಧವಾದ ಪೊಟ್ಟಣಗಳು ಒಳಕ್ಕೆ. ಸಿಕ್ಕಿದ್ದು 248 ಆದರೆ 248 ಎಂದೇ ಬರೆಯಿರಿ. ಇಡೀ ಚೀಲದ ವೆಚ್ಚ ಆ 248ರ ಮೇಲೆ ಹಂಚಿಹೋಗಿ ನಿಮ್ಮ ಅಸಲು ಬೆಲೆ ಸರಿಯಾಗಿ ತಿಳಿಯುತ್ತದೆ. ‘1 ಚೀಲ = 250’ ಎಂದು ಬರೆದಿದ್ದರೆ ಆ ಎರಡು ಪೊಟ್ಟಣ ಎಂದಿಗೂ ಮಾರಾಟವಾಗದ ದಾಸ್ತಾನಾಗಿ ಪ್ರತಿ ಚೀಲಕ್ಕೂ ಸೇರುತ್ತಾ ಹೋಗುತ್ತಿತ್ತು.

ಪೊಟ್ಟಣ ಮಾಡಿದ ಕ್ಷಣದಿಂದ 2011ರ ಕಾನೂನು ಮಾಪನಶಾಸ್ತ್ರ ನಿಯಮಗಳ ಪ್ರಕಾರ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ಪ್ಯಾಕ್ ಮಾಡಿದವರ ಹೆಸರು ಮತ್ತು ವಿಳಾಸ ಮೊದಲಾದ ವಿವರಗಳ ಹೊಣೆ ನಿಮ್ಮದಾಗುತ್ತದೆ. ಪೊಟ್ಟಣಗಳನ್ನು ಐವತ್ತೈವತ್ತರಂತೆ ಕಾರ್ಟನ್ನಿಗೆ ತುಂಬುವುದಿದ್ದರೆ ಆ ಕಾರ್ಟನ್ ಮಾತ್ರ ನಿಜವಾದ ಪ್ಯಾಕಿಂಗ್ ಹಂತ. ಸೋಪು ಮತ್ತು ಶಾಂಪೂ ಜೋಡಿಸಿ ಒಂದೇ ಬೆಲೆಗೆ ಕೊಡುವ ಕಾಂಬೊ ಬಗ್ಗೆ ಕೇಳಿದ ತುಮಕೂರಿನ ಓದುಗರಿಗೂ ಇದೇ ಉತ್ತರ ಅನ್ವಯಿಸುತ್ತದೆ: ಒಳಗಿನ ಸರಕು ಒಂದೇ ಬಗೆಯದಲ್ಲದಿದ್ದರೆ ಅದು ಹಂತವಲ್ಲ, ಜೋಡಣೆ.

ಪ್ರಶ್ನೆ: ಪೀಣ್ಯದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಒಟ್ಟು ಎಣಿಕೆ ಸರಿ ಬರುತ್ತದೆ, ಆದರೆ ಎಷ್ಟು ಬಾಕ್ಸ್ ಸೀಲ್ ಇವೆ, ಎಷ್ಟು ಒಡೆದಿವೆ ಎಂಬುದು ತಂತ್ರಾಂಶದಲ್ಲಿ ತಿಳಿಯುವುದಿಲ್ಲ. ಬೋಲ್ಟುಗಳನ್ನು ಕಿಲೋ ಲೆಕ್ಕದಲ್ಲಿ ಕೊಂಡು ಎಣಿಸಿ ಕೊಡುತ್ತೇವೆ, ಅಲ್ಲಿಯೂ ವ್ಯತ್ಯಾಸ ಬರುತ್ತದೆ.

ಉತ್ತರ: ‘ನೂರು ಬೋಲ್ಟಿನ ಬಾಕ್ಸ್’ ಎಂಬ ಹಂತವೇ ಬೇರೆ, ನಿಮ್ಮ ರ‍್ಯಾಕಿನಲ್ಲಿ ಈಗ ಕುಳಿತಿರುವ ಇಂಥದೇ ಒಂದು ಬಾಕ್ಸ್ ಬೇರೆ. ಮೊದಲನೆಯದು ಗುಣಾಕಾರದ ಅಂಕಿ ಮಾತ್ರ. 250 ಬೋಲ್ಟ್ ಇದ್ದರೆ ಎರಡು ಬಾಕ್ಸ್ ಐವತ್ತು ಬಿಡಿ ಎಂದು ಅದು ಹೇಳುತ್ತದೆಯೇ ಹೊರತು, ಮೂರು ಬಾಕ್ಸೂ ಅರ್ಧಂಬರ್ಧ ಒಡೆದು ಬಿದ್ದಿವೆಯೇ ಎಂಬುದು ಅದಕ್ಕೆ ತಿಳಿಯದು. ಎರಡನೆಯದನ್ನು ಗುರುತಿಸಲು ಓಡೂನಂಥ ತಂತ್ರಾಂಶಗಳಲ್ಲಿ ಪ್ರತಿ ಬಾಕ್ಸಿಗೂ ಪ್ರತ್ಯೇಕ ಸಂಖ್ಯೆ ಕೊಡುವ ಸೌಲಭ್ಯವಿದೆ. ಪ್ಯಾಲೆಟ್ ಮಟ್ಟದಲ್ಲಿ ಸಾಗಣೆ ಮಾಡುವವರು ಬಳಸುವ ಹದಿನೆಂಟು ಅಂಕಿಯ ಎಸ್ಎಸ್‌ಸಿಸಿ ಸಂಖ್ಯೆಯೂ ಇದೇ ಕೆಲಸಕ್ಕೆ. ಆದರೆ ಬೋಲ್ಟಿನ ಬಾಕ್ಸಿಗೆಲ್ಲ ಅಷ್ಟು ಶ್ರಮ ಬೇಡವೆಂದು ನನ್ನ ಅಭಿಪ್ರಾಯ. ತಂತ್ರಾಂಶದಲ್ಲಿ ‘ಲೂಸ್ ರ‍್ಯಾಕ್’ ಎಂಬ ಇನ್ನೊಂದು ಸ್ಥಳ ತೆರೆಯಿರಿ. ಬಾಕ್ಸ್ ಒಡೆದಾಗ ಅದರ ನೂರನ್ನೂ ಆ ಸ್ಥಳಕ್ಕೆ ವರ್ಗಾಯಿಸಿ, ಬಿಡಿಯಾಗಿ ಕೊಡುವುದನ್ನು ಅಲ್ಲಿಂದ ಮಾತ್ರ ಕೊಡಿ. ಸ್ಥಳದ ಹೆಸರು ನೋಡಿದರೆ ಸೀಲ್ ಇದ್ದವೆಷ್ಟು ಎಂಬುದು ತಾನಾಗಿ ತಿಳಿಯುತ್ತದೆ, ಮತ್ತು ಒಂದು ಬಾಕ್ಸ್ ಮುಗಿಯುವ ಮೊದಲೇ ಇನ್ನೊಂದನ್ನು ಒಡೆಯುವ ಅಭ್ಯಾಸ ಯಾರಿಗಿದೆ ಎಂಬುದೂ ತಿಳಿಯುತ್ತದೆ.

ಕಿಲೋ ಮತ್ತು ಎಣಿಕೆಯ ನಡುವಿನ ಅಂಕಿ ಯಾವಾಗಲೂ ಸರಾಸರಿಯೇ. ಅದನ್ನು ಕೇಸಿನ 144ರಂತೆ ಖಚಿತವೆಂದು ನಂಬಬಾರದು. ಸರಕು ಬಂದಾಗ ನೂರು ಬೋಲ್ಟ್ ಎಣಿಸಿ ತೂಗಿ, ಆ ಲಾಟಿನ ಒಟ್ಟು ಸಂಖ್ಯೆಯನ್ನು ಅದರಿಂದ ಲೆಕ್ಕ ಹಾಕಿ, ಎಣಿಕೆಯಲ್ಲಿಯೇ ದಾಸ್ತಾನಿಗೆ ಸೇರಿಸಿ. ಸರಬರಾಜುದಾರರ ಬಿಲ್ಲಿನ ಕಿಲೋ ಹಣದ ಲೆಕ್ಕಕ್ಕೆ ಮಾತ್ರ ಇರಲಿ.

ಪ್ರಶ್ನೆ: ಜಿಎಸ್‌ಟಿ ವಿವರಪಟ್ಟಿಯಲ್ಲಿ ‘ಕೇಸ್ 144’ ಎಂಬ ಘಟಕ ನಡೆಯುತ್ತದೆಯೇ? (ಬೆಳಗಾವಿಯ ಲೆಕ್ಕಿಗರೊಬ್ಬರು)

ಉತ್ತರ: ನಡೆಯುವುದಿಲ್ಲ. ಜಿಎಸ್‌ಟಿಆರ್-1 ಎಂಬ ಮಾರಾಟದ ವಿವರಪಟ್ಟಿಯ 12ನೇ ಕೋಷ್ಟಕದಲ್ಲಿ ಎಚ್‌ಎಸ್‌ಎನ್‌ವಾರು (ಸರಕಿನ ವರ್ಗೀಕರಣ ಸಂಕೇತದ ಪ್ರಕಾರ) ಸಾರಾಂಶ ಕೊಡುವಾಗ ನಿಗದಿತ ಘಟಕ ಸಂಕೇತಗಳ ಪಟ್ಟಿಯಿಂದಲೇ ಆರಿಸಬೇಕು. ಅದರಲ್ಲಿ ನಗ, ಡಜನ್, ಬಾಕ್ಸ್, ಕಾರ್ಟನ್, ಪ್ಯಾಕ್, ಕಿಲೋ ಮೊದಲಾದವುಗಳಿವೆ. ತಂತ್ರಾಂಶದಲ್ಲಿ ನಿಮ್ಮ ಘಟಕವನ್ನು ಸೃಷ್ಟಿಸುವಾಗಲೇ ಅದಕ್ಕೆ ಸಂಬಂಧಿಸಿದ ಸಂಕೇತವನ್ನು ಜೋಡಿಸಿಡಬಹುದು. ಒಂದೇ ಎಚ್‌ಎಸ್‌ಎನ್ ಸರಕು ಅರ್ಧ ಕಾರ್ಟನ್ನಿನಲ್ಲಿ, ಅರ್ಧ ನಗದಲ್ಲಿ ಹೋದರೆ ಸಾರಾಂಶದಲ್ಲಿ ಎರಡು ಸಾಲುಗಳಾಗುತ್ತವೆ. ಆದ್ದರಿಂದ ವರದಿಯನ್ನು ಮೂಲ ಘಟಕದಲ್ಲಿಯೇ ತೆಗೆಯುವಂತೆ ಹೊಂದಿಸಿ. ಬಿಲ್ಲಿನ ಮೇಲೆ ಗ್ರಾಹಕರಿಗೆ ಕೇಸ್ ಎಂದು ಕಾಣಲು ಅದರಿಂದ ಅಡ್ಡಿಯೇನಿಲ್ಲ.